ಮೊದಲ ಗುಟುಕು, ಮರುದಿನದ ಗುಟುಕು

ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕಿರುವ ಬೋಜೊಲೆ ಗುಡ್ಡಗಳ ಗಮೇ ದ್ರಾಕ್ಷಿಯಿಂದ ಮಾಡಿದ ಕೆಂಪು ವೈನಿನ ಸೀಸೆಯೊಂದನ್ನು ಕಳೆದ ಶನಿವಾರ ಸಂಜೆ ತೆರೆದೆ. ಹಿಂದಿನ ವರ್ಷದ ಸುಗ್ಗಿಯದು, ಅಂದರೆ ಇನ್ನೂ ಎಳೆಯದು. ಹೊರಗಿನ ಯೀಸ್ಟ್ ಹಾಕಿಲ್ಲ, ಸೋಸಿಲ್ಲ, ಕೆಡದಂತೆ ಕಾಪಾಡುವ ಗಂಧಕ ಸೇರಿಸಿಲ್ಲ ಎಂದಷ್ಟೇ ಹಿಂಬದಿಯ ಚೀಟಿಯಲ್ಲಿ ಬರೆದಿತ್ತು. ಅಂಗಡಿಯಾಕೆ ಮಾತ್ರ ತಣ್ಣಗಿಟ್ಟು ಕುಡಿಯಿರಿ, ತೆರೆದ ಮೇಲೆ ತಡಮಾಡಬೇಡಿ ಎಂದು ಎಚ್ಚರಿಸಿದ್ದರು. ಎರಡನೆಯ ಮಾತನ್ನು ನಾನು ಬೇಕೆಂದೇ ಮೀರಿದೆ.

ಬಿರಡೆ ತೆಗೆದೊಡನೆ ಬಂದದ್ದು ಹಣ್ಣಿನ ಪರಿಮಳವಲ್ಲ, ಆಗಷ್ಟೇ ಗೀರಿದ ಬೆಂಕಿಕಡ್ಡಿಯ ಮತ್ತು ಬೇಯಿಸಿದ ಮೊಟ್ಟೆಯ ವಾಸನೆ. ಗಂಧಕ ಸೇರಿಸದ ವೈನಿನಲ್ಲಿ ಗಂಧಕದ ವಾಸನೆಯೇ ಎಂದು ಯಾರಾದರೂ ಹುಬ್ಬೇರಿಸಬಹುದು. ಆದರೆ ಹುದುಗುವಾಗ ಸಾರಜನಕದ ಪೋಷಣೆ ಸಾಲದೆ ಬಳಲಿದ ಯೀಸ್ಟ್ ತಾನಾಗಿಯೇ ಇಂಥ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಹೂಜಿಗೆ ಸುರಿದು ಇಪ್ಪತ್ತು ನಿಮಿಷ ಗಾಳಿಗೆ ಬಿಟ್ಟ ಮೇಲೆ ಅದು ಬಹುಮಟ್ಟಿಗೆ ಹೋಯಿತು. ನಾಲಗೆಯ ತುದಿಯಲ್ಲಿ ಸಣ್ಣಗೆ ಚುರುಗುಟ್ಟುತ್ತಿದ್ದ ಇಂಗಾಲದ ಡೈಆಕ್ಸೈಡ್ ಮಾತ್ರ ಉಳಿದಿತ್ತು. ಗಂಧಕದ ಬದಲು ವೈನನ್ನು ಗಾಳಿಯಿಂದ ಕಾಪಾಡಲಿ ಎಂದು ಇದನ್ನು ತಯಾರಕರು ಅನೇಕ ವೇಳೆ ಉಳಿಸಿಕೊಳ್ಳುತ್ತಾರೆ.

ಆಮೇಲಿನ ರುಚಿಯನ್ನು ವರ್ಣಿಸಲು ಫ್ರೆಂಚರ ಚೆರ್ರಿ, ರಾಸ್ಪ್‌ಬೆರಿಗಳಿಗಿಂತ ನನಗೆ ಊರಿನ ಹಣ್ಣುಗಳೇ ಒದಗಿದವು: ಚೆನ್ನಾಗಿ ಕಳಿತ ನೇರಳೆ, ಅದರ ಬೆನ್ನಿಗೇ ಮುರುಗಲಿನ ಹುಳಿ, ಕೊನೆಯಲ್ಲಿ ಅತಿ ತೆಳುವಾದ ಒಗರು. ವೈನಿನ ಟ್ಯಾನಿನ್ ನಾಲಗೆಗೆ ಮಾಡುವ ಕೆಲಸಕ್ಕೆ ನಮ್ಮಲ್ಲಿ ಹೊಸ ಪದ ಹುಡುಕಬೇಕಿಲ್ಲ; ಷಡ್ರಸಗಳಲ್ಲಿ ಒಂದಾಗಿ ಒಗರು ಮೊದಲಿನಿಂದಲೂ ಇದೆ. ಇಲ್ಲಿ ಅದು ಕಡಿಮೆಯಿರುವುದಕ್ಕೆ ತಳಿಯಷ್ಟೇ ತಯಾರಿಯ ಕ್ರಮವೂ ಕಾರಣ. ಗೊಂಚಲುಗಳನ್ನು ಬಿಡಿಸದೆ, ಜಜ್ಜದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ಅಡಿಯ ಹಣ್ಣು ಮೇಲಿನ ಭಾರಕ್ಕೆ ಒಡೆದು ಹುದುಗತೊಡಗಿದಾಗ ಏಳುವ ಅನಿಲ ತೊಟ್ಟಿಯನ್ನು ತುಂಬುತ್ತದೆ, ಆಮ್ಲಜನಕವಿಲ್ಲದ ಆ ಸ್ಥಿತಿಯಲ್ಲಿ ಒಡೆಯದ ಹಣ್ಣಿನ ಒಳಗೇ ಸಕ್ಕರೆ ಸುಮಾರು ಶೇ. 2ರಷ್ಟು ಆಲ್ಕೋಹಾಲ್ ಆಗುವವರೆಗೆ ಬದಲಾಗುತ್ತದೆ. ಸಿಪ್ಪೆಯಿಂದ ರಸಕ್ಕೆ ಬಣ್ಣ ಇಳಿದಷ್ಟು ಬೇಗ ಒಗರು ಇಳಿಯುವುದಿಲ್ಲ.

ಗಂಧಕವಿಲ್ಲದೆ ವೈನ್ ಮಾಡುವ ಬೋಜೊಲೆಯ ಪ್ರಯೋಗಗಳ ಹಿಂದೆ ಜೂಲ್ ಶೋವೆ ಎಂಬ ವೈನ್ ವರ್ತಕರಿದ್ದರು. ಅವರ ಮಾರ್ಗದರ್ಶನದಲ್ಲಿ ಅಲ್ಲಿಯದೇ ಮೊರ್ಗೋನಿನ ವೈನ್ ತಯಾರಕ ಮಾರ್ಸೆಲ್ ಲಾಪಿಯೆರ್ 1980ರ ದಶಕದಲ್ಲಿ ಆ ದಾರಿ ಹಿಡಿದರು. ಶೋವೆ ರಸಾಯನಶಾಸ್ತ್ರ ಬಲ್ಲವರು, ಸೂಕ್ಷ್ಮಜೀವಿಗಳ ನಡೆಯನ್ನು ಗಮನಿಸಿ ಕೆಲಸ ಮಾಡಿದವರು. ಸೇರಿಸುವುದು ಕಡಿಮೆಯಾದಷ್ಟೂ ಕೊಳೆತ ಹಣ್ಣು ಆರಿಸಿ ತೆಗೆಯುವ, ತೊಟ್ಟಿ ತೊಳೆಯುವ ಶ್ರಮ ಹೆಚ್ಚಬೇಕು. ಇಂದು ಕೆಲವರು ಪ್ರತಿಯೊಂದು ದೋಷವನ್ನೂ ಸಹಜತೆಯ ಲಕ್ಷಣವೆಂದು ಮಾರುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಭಾನುವಾರ ಸಂಜೆ ಉಳಿದ ಅರ್ಧ ಸೀಸೆಯನ್ನು ಮತ್ತೆ ತೆಗೆದೆ. ಮೂಗಿಗೆ ನಿನ್ನೆಗಿಂತ ಹಿತವಾಗಿಯೇ ಇತ್ತು, ನೇರಳೆಯೂ ಮಾಸಿರಲಿಲ್ಲ. ನುಂಗಿ ಹತ್ತು ಸೆಕೆಂಡು ಕಳೆದ ಮೇಲೆ ಗಂಟಲ ಹಿಂಭಾಗದಿಂದ ಮುಗ್ಗಿದ ಅವಲಕ್ಕಿ ಡಬ್ಬದ ರುಚಿ ಎದ್ದುಬಂತು. ಫ್ರೆಂಚರು ಇದನ್ನು ಇಲಿಯ ರುಚಿ ಎನ್ನುತ್ತಾರೆ. ಕೆಲವು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಹುಟ್ಟಿಸುವ ಸಂಯುಕ್ತಗಳು ಇದಕ್ಕೆ ಕಾರಣ. ಗಂಧಕವಿಲ್ಲದ ವೈನಿನಲ್ಲಿ, ಅದರಲ್ಲೂ ಗಾಳಿ ತಗುಲಿದ ಮೇಲೆ, ಇದು ತಲೆಯೆತ್ತುವ ಸಂಭವ ಹೆಚ್ಚು. ವೈನಿನ ಹುಳಿಯಲ್ಲಿ ಈ ಸಂಯುಕ್ತಗಳು ಆವಿಯಾಗದ ಕಾರಣ ಮೂಗಿಗೆ ಸಿಕ್ಕುವುದೇ ಇಲ್ಲ, ಜೊಲ್ಲು ಹುಳಿಯನ್ನು ತಗ್ಗಿಸಿದ ಮೇಲಷ್ಟೇ ಬಯಲಾಗುತ್ತವೆ. ಸೋಜಿಗವೆಂದರೆ ಅವುಗಳಲ್ಲೊಂದು ಬಾಸುಮತಿ ಅಕ್ಕಿಯ ಘಮಕ್ಕೂ ಮೂಲವಾದ ವಸ್ತು.

ಈ ರುಚಿ ಎಲ್ಲರಿಗೂ ತಿಳಿಯುವುದಿಲ್ಲ. ನಾನು ಮುಖ ಸಿಂಡರಿಸಿ ಲೋಟ ಕೆಳಗಿಟ್ಟಾಗ ಹೆಂಡತಿ ಅದನ್ನು ತೆಗೆದು ಕುಡಿದು, ಎರಡು ನಿಮಿಷ ಕಾದು, ನಿನ್ನೆಗಿಂತ ಇಂದೇ ಚೆನ್ನಾಗಿದೆ ಎಂದು ಉಳಿದದ್ದನ್ನೂ ತನ್ನ ಲೋಟಕ್ಕೆ ಬಗ್ಗಿಸಿಕೊಂಡಳು.