ಮುಖ ತೊಳ್ಕೊಂಡವರು ಮತ್ತು ಲೀಸಾ

"ಚಿಕ್ಕಮ್ಮಾ, ಶೂಟಿಂಗ್ ಮುಗಿದ ಮೇಲೆ ಅವರೆಲ್ಲ ಮುಖ ತೊಳ್ಕೊಂಡಿರ್ತಾರೆ ಅಲ್ವಾ? ಆವಾಗ ಲೀಸಾ ಅಲ್ಲೇ ಇದ್ಲಾ?"

ಅಕ್ಕನ ಮಗಳು ಹೀಗೆ ಕೇಳಿದ್ದು 'ಬಿವಿಚ್ಡ್' ನೋಡುವಾಗ. ಸಮಂತಾ ಮೂಗು ಅಲ್ಲಾಡಿಸಿದರೆ ಮಾಟ ನಡೆಯುವ ಅಮೆರಿಕದ ಆ ಹಳೆಯ ಧಾರಾವಾಹಿ. ನಮ್ಮ ಕಾಲದಲ್ಲಿ ಹಿಂದಿಯಲ್ಲಿ ಬರುತ್ತಿತ್ತು. ಈ ಹುಡುಗಿಗೂ ಅದರ ಹುಚ್ಚು ಹಿಡಿದಿದೆ. ಈ ವಾರ ನೋಡಿದ್ದು 1970ರ ಡಿಸೆಂಬರ್ 24ರಂದು ಪ್ರಸಾರವಾದ 'ಸಿಸ್ಟರ್ಸ್ ಅಟ್ ಹಾರ್ಟ್' ಎಂಬ ಕಂತು.

ಸಮಂತಾಳ ಮಗಳು ಟ್ಯಾಬಿತಾ ಬಿಳಿ, ಗೆಳತಿ ಲೀಸಾ ಕಪ್ಪು. ಇಬ್ಬರಿಗೂ ಅಕ್ಕತಂಗಿ ಆಗೋ ಆಸೆ. ಟ್ಯಾಬಿತಾ ಮಾಟ ಮಾಡಿ ತನ್ನ ಮೈಮೇಲೆ ಕಪ್ಪು ಚುಕ್ಕೆ, ಲೀಸಾ ಮೈಮೇಲೆ ಬಿಳಿ ಚುಕ್ಕೆ ತರಿಸುತ್ತಾಳೆ. ಅಲ್ಲಿವರೆಗೆ ನಮ್ಮ ಹುಡುಗಿ ನಗುತ್ತಲೇ ಇದ್ದಳು. ಆಮೇಲೆ ಬ್ರಾಕ್‌ವೇ ಬಂದ. ಆಟಿಕೆ ಕಂಪನಿಯ ಮಾಲೀಕ, ಬಣ್ಣ ನೋಡಿ ಮನುಷ್ಯರನ್ನು ಅಳೆಯುವವನು. ಅವನಿಗೆ ಬುದ್ಧಿ ಕಲಿಸಲು ಸಮಂತಾ ಮಾಟ ಹಾಕುತ್ತಾಳೆ. ಎಲ್ಲರೂ ಅವನ ಕಣ್ಣಿಗೆ ಕಪ್ಪಾಗಿ ಕಾಣುತ್ತಾರೆ, ಅವನೂ ಸೇರಿ. ತೆರೆಯ ಮೇಲೆ ಬಿಳಿ ನಟರು ಕಪ್ಪು ಬಣ್ಣ ಬಳಿದುಕೊಂಡು ನಿಂತಿದ್ದಾರೆ. ಹಿನ್ನೆಲೆಯಲ್ಲಿ ನಗು.

ಅಮೆರಿಕದಲ್ಲಿ ಈ ಬಣ್ಣ ಬಳಿಯುವುದಕ್ಕೆ ಕೆಟ್ಟ ಚರಿತ್ರೆ ಇದೆ. 19ನೇ ಶತಮಾನದ ಮಿನ್‌ಸ್ಟ್ರೆಲ್ ಆಟಗಳಲ್ಲಿ ಬಿಳಿಯರು ಸುಟ್ಟ ಬೆಂಡಿನ ಮಸಿ ಮುಖಕ್ಕೆ ಹಚ್ಚಿಕೊಂಡು ಕಪ್ಪು ಜನರನ್ನು ಅಣಕಿಸಿ ದುಡ್ಡು ಮಾಡಿಕೊಂಡರು. ಈಗ ಆ ದೃಶ್ಯ ನೋಡಿದವರ ಹೊಟ್ಟೆ ತೊಳಸುವುದು ಅದಕ್ಕೇ.

ಆದರೆ ಈ ಕತೆ ಹೊಳೆದದ್ದು ಯಾರಿಗೆ? ಲಾಸ್ ಏಂಜಲೀಸ್‌ನ ಜೆಫರ್ಸನ್ ಹೈಸ್ಕೂಲಿನ ಹತ್ತನೇ ತರಗತಿಯ 26 ಕಪ್ಪು ಮಕ್ಕಳಿಗೆ. ಮಾಟಗಾತಿಯೂ ಸಾಮಾನ್ಯ ಮನುಷ್ಯನೂ ಮದುವೆಯಾದ ಈ ಮನೆಯಲ್ಲಿ ಅವರಿಗೆ ಕಪ್ಪು-ಬಿಳಿ ಮದುವೆ ಕಂಡಿತ್ತು. ಅಂಥ ಮದುವೆಯನ್ನು ತಡೆಯುವ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದೇ 1967ರಲ್ಲಿ. ಕಂತಿಗೆ 1971ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಯ ವಿಶೇಷ ಗೌರವವೂ ಬಂತು. ಸಮಂತಾ ಆಗಿದ್ದ ಎಲಿಜಬೆತ್ ಮಾಂಟ್ಗೊಮೆರಿಗೆ ತುಂಬ ಮೆಚ್ಚಿನ ಕಂತು ಇದು. ಆಕೆಯ ಮನಸ್ಸು ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅವಳ ಪ್ರಶ್ನೆ ಹಾಗೇ ಉಳಿಯಿತು. ಆವಾಗ ಲೀಸಾ ಅಲ್ಲೇ ಇದ್ಲಾ? ಬ್ರಾಕ್‌ವೇ ಕಪ್ಪಾಗಿದ್ದು ಅವನಿಗೆ ಶಿಕ್ಷೆ. ಲೀಸಾ ಆಗಿದ್ದ ಮಗು ಹುಟ್ಟಿದ್ದೇ ಆ ಬಣ್ಣದಲ್ಲಿ. ಅವಳ ಮೈಬಣ್ಣ ನೋಡಿ ಒಬ್ಬ ದೊಡ್ಡ ಮನುಷ್ಯ ಬೆಚ್ಚಿಬೀಳುತ್ತಾನೆ, ಜನ ನಗುತ್ತಾರೆ.

ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೊನ್ನೆ ನಾಮಕರಣದ ಮನೆಯಲ್ಲಿ ಅಜ್ಜಿಯೊಬ್ಬರು ಇವಳ ಗಲ್ಲ ಹಿಡಿದು "ಕರ್ರಗಿದ್ರೂ ಲಕ್ಷಣವಾಗಿದ್ದಾಳೆ" ಅಂದರು. "ಹಾಗನ್ನಬೇಡಿ ಅಜ್ಜಿ" ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. "ಹೊಗಳಿದ್ದು ಕಣೇ" ಅಂದರು. ಹೊಗಳಿದ್ದೇ, ಅದೂ ನಿಜ. ಹುಡುಗಿ ಸುಮ್ನೆ ತಟ್ಟೆ ನೋಡುತ್ತಾ ಕೂತಿದ್ದಳು.

ನಮ್ಮ ಧಾರಾವಾಹಿಗಳಲ್ಲೂ ನೋಡಿ. ಬಣ್ಣ ಕಪ್ಪೆಂದು ನೋಯುವ ನಾಯಕಿಯ ಕತೆಗೆ ಬೆಳ್ಳಗಿನ ನಟಿಯನ್ನು ತಂದು ಕಪ್ಪು ಮೇಕಪ್ ಹಚ್ಚುತ್ತಾರೆ. ಕಪ್ಪು ಹುಡುಗಿಯ ಕಷ್ಟದ ಕತೆ ಬೇಕು, ಕಪ್ಪು ಹುಡುಗಿ ಬೇಡ. ಇದು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. 1970ರ ಆ ಮಕ್ಕಳು ಅವಮಾನ ಉಂಡವರು, ತಮ್ಮ ಕೈಗೆ ಸಿಕ್ಕ ಮಾಟವನ್ನು ಎತ್ತಿಕೊಂಡರು. ಕಪ್ಪು ಹುಡುಗಿಯನ್ನೇ ನಾಯಕಿ ಮಾಡೋಕೆ ನಮ್ಮವರಿಗೆ ಏನಡ್ಡಿ?

"ಲೀಸಾ ಅಲ್ಲೇ ಇದ್ದಿರಬಹುದು" ಅಂದೆ. "ಅವಳಿಗೆ ಬೇಜಾರಾಗಿರುತ್ತೆ" ಅಂದಳು. "ಆಗಿರಬಹುದು, ಕತೆ ಬರೆದವರಿಗೂ ಅವಳಂಥವರ ನೋವೇ ಮನಸ್ಸಲ್ಲಿತ್ತು" ಅಂದೆ. ಅವಳು ಪೂರ್ತಿ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇಂಥದ್ದೆಲ್ಲ ಮಗುವಿಗೆ ಯಾಕೆ ತೋರಿಸ್ತೀಯ ಅಂತ ಭಾವ ಕೇಳಿದರು. ಅವರು ಒಳ್ಳೆಯವರು, ಮಗಳ ಕಣ್ಣಲ್ಲಿ ನೀರು ಕಾಣಬಾರದು ಅಷ್ಟೇ. ನಾಮಕರಣದ ಮನೆಗೆ ಕರೆದುಕೊಂಡು ಹೋಗೋದು ಬಿಡ್ತೀರಾ ಭಾವ, ಅಂತ ಕೇಳಿದೆ.