121 ಸೋತ ಟೀಮನ್ನು ಇನ್ನೂ ಯಾಕೆ ನೋಡ್ತೀಯ?

ಈ ಪ್ರಶ್ನೆ ಕೇಳದವರೇ ಇಲ್ಲ. ಆಫೀಸಿನಲ್ಲಿ ಕೇಳುತ್ತಾರೆ, ಯುಗಾದಿ ಊಟಕ್ಕೆ ಪಕ್ಕದಲ್ಲಿ ಕೂತವರು ಒಬ್ಬಟ್ಟು ಮುರಿಯುತ್ತಾ ಕೇಳುತ್ತಾರೆ. ಮೈಸೂರಿನಿಂದ ಫೋನ್ ಮಾಡುವ ನಮ್ಮ ಭಾವ ಅಂತೂ, ಅಲ್ಲಿ ಹಿಮ ಬಿತ್ತಾ ಅಂತ ವಿಚಾರಿಸಿದ ಮೇಲೆ ನೇರ ಇದಕ್ಕೇ ಬರುತ್ತಾರೆ. "ಅಲ್ಲಪ್ಪಾ, ನಿಮ್ಮ ಶಿಕಾಗೋದಲ್ಲಿ ಎರಡು ಬೇಸ್‌ಬಾಲ್ ಟೀಮ್ ಇವೆಯಂತೆ. ಆ ಸೋಲೋ ಟೀಮನ್ನೇ ಯಾಕೆ ಹಿಡ್ಕೊಂಡಿದ್ದೀಯ?"

ಸೋಲೋ ಟೀಮ್ ಅಂದರೆ ವೈಟ್ ಸಾಕ್ಸ್. 2024ರಲ್ಲಿ 162 ಪಂದ್ಯ ಆಡಿ 121 ಸೋತರು. 1900ರಿಂದ ಈಚೆಗೆ ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ, ಒಂದೇ ಸೀಸನ್‌ನಲ್ಲಿ ಇಷ್ಟು ಸೋತವರು ಬೇರೆ ಯಾರೂ ಇಲ್ಲ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ 120 ಸೋತಿತ್ತು, ಆದರೆ ಅದು ಅವರ ಮೊದಲ ವರ್ಷ, ಪಾಪ. ನಮ್ಮವರು 1901ರಿಂದ ಅದರ ಒಂದು ಭಾಗವಾದ ಅಮೆರಿಕನ್ ಲೀಗ್‌ನಲ್ಲಿ ಆಡುತ್ತಿದ್ದಾರೆ. ಹೊಸಬರು ಅನ್ನೋ ನೆಪವೂ ಇಲ್ಲ.

ಮೊದಲು ಗಂಟು ಬಿದ್ದ ಕಥೆ ಹೇಳಿಬಿಡುತ್ತೇನೆ. 2005ರ ಆಗಸ್ಟ್‌ನಲ್ಲಿ ಐಐಟಿಗೆ ಎಂಎಸ್ ಮಾಡಲು ಬಂದೆ. "ಐಐಟಿಗೆ ಅಮೆರಿಕಕ್ಕೆ ಯಾಕೋ ಹೋಗ್ಬೇಕು, ಮದ್ರಾಸಲ್ಲೇ ಇಲ್ವಾ?" ಅಂತ ದೊಡ್ಡಪ್ಪ ಕೇಳಿದ್ದರು. ಇದು ಇಲಿನಾಯ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಊರಿನ ಸೌತ್ ಸೈಡ್‌ನಲ್ಲಿದೆ. 35ನೇ ರಸ್ತೆಯಲ್ಲಿ ಹೆದ್ದಾರಿ ದಾಟಿದರೆ ವೈಟ್ ಸಾಕ್ಸ್ ಸ್ಟೇಡಿಯಂ. ಅಲ್ಲಿ ನಮ್ಮವರು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ) ಹೊಡೆದಾಗಲೆಲ್ಲ ಸ್ಕೋರ್‌ಬೋರ್ಡ್ ಮೇಲಿಂದ ಪಟಾಕಿ ಹಾರುತ್ತದೆ, 1960ರಿಂದ ಬಂದ ಪದ್ಧತಿ. ಅಕ್ಟೋಬರ್ 23ರ ರಾತ್ರಿ, ಜಿಟಿಜಿಟಿ ಮಳೆ, ಚಳಿ, ರೂಮಿನಲ್ಲಿ ಅಸೈನ್‌ಮೆಂಟ್ ಬರೆಯುತ್ತಾ ಕೂತಿದ್ದೆ. ಢಂ ಅಂತ ಶುರುವಾಯಿತು. ದೀಪಾವಳಿಗೆ ಇನ್ನೂ ಒಂದು ವಾರದ ಮೇಲಿತ್ತು! ನಮ್ಮ ಪಾಲ್ ಕೊನೆರ್ಕೋ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಏಟಿಗೆ ನಾಲ್ಕು ರನ್ ತರುವ ಹೋಮ್ ರನ್, ಹೊಡೆದಿದ್ದರು. ಆಮೇಲೆ ಇನ್ನೊಂದು ಸಲ ಢಂ ಅಂತು, ಆ ಇಡೀ ರೆಗ್ಯುಲರ್ ಸೀಸನ್‌ನಲ್ಲಿ ಒಂದೂ ಹೋಮ್ ರನ್ ಹೊಡೆಯದಿದ್ದ ಸ್ಕಾಟ್ ಪಾಡ್‌ಸೆಡ್ನಿಕ್ ಅನ್ನುವ ಆಸಾಮಿ ಕೊನೆಯಲ್ಲಿ ಒಂದು ಎತ್ತಿ ಪಂದ್ಯ ಮುಗಿಸಿದ್ದರು. ಮೂರು ದಿನದ ಮೇಲೆ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿ, ಗೆದ್ದೇಬಿಟ್ಟರು, 1917ರ ನಂತರ ಮೊದಲ ಸಲ. ನನಗೆ ಆಟದ ನಿಯಮವೇ ಗೊತ್ತಿರಲಿಲ್ಲ. ಬಂದ ಎರಡೇ ತಿಂಗಳಿಗೆ ಕಪ್. ಈ ಟೀಮ್ ಹೀಗೇ ಗೆಲ್ಲುತ್ತಿರುತ್ತೆ ಅಂದುಕೊಂಡೆ.

ಆಮೇಲಿನದು ನಿಮಗೆ ಗೊತ್ತು.

ಈಗ ನಮ್ಮ ಜನ ಹೇಳುವ ಸಮಾಧಾನ ಒಂದಿದೆ. "ಬಿಡೋ, ಆರ್‌ಸಿಬಿ ಥರ. 18 ವರ್ಷ ಕಾದ್ವಿ, 2025ರಲ್ಲಿ ಕಪ್ ಬಂತು. ನಿಮ್ಮದೂ ಬರುತ್ತೆ." ಪ್ರೀತಿಯಿಂದಲೇ ಹೇಳುತ್ತಾರೆ, ನಾನೂ ಆರ್‌ಸಿಬಿಯವನೇ, ಆದರೆ ಈ ಹೋಲಿಕೆ ನನಗೆ ಒಪ್ಪಿಗೆ ಇಲ್ಲ. ಆರ್‌ಸಿಬಿ ಸೋಲುತ್ತಿದ್ದಾಗಲೂ ಕೊಹ್ಲಿ ಇದ್ದರು, ಗೇಲ್ ಇದ್ದರು, ಎಬಿ ಇದ್ದರು. ಮೂರು ಸಲ ಫೈನಲ್‌ಗೆ ಹೋಗಿ ಸೋತರು. ಬೌಲಿಂಗ್ ಬಿಟ್ಟು ಎಲ್ಲದಕ್ಕೂ ದುಡ್ಡು ಸುರಿದರು ಅಂತ ಬೈಯಬಹುದು, ಗೆಲ್ಲೋಕೆ ನೋಡಲಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ವೈಟ್ ಸಾಕ್ಸ್ ಬಗ್ಗೆ ನಾನು ಅದನ್ನೇ ಹೇಳೋದು. ಶಿಕಾಗೋ ಅಮೆರಿಕದ ಮೂರನೇ ದೊಡ್ಡ ಊರು. ಈ ಟೀಮ್ 2024ರವರೆಗೆ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ ಆಂಡ್ರೂ ಬೆನಿಂಟೆಂಡಿಯದು, 5 ವರ್ಷಕ್ಕೆ 7.5 ಕೋಟಿ ಡಾಲರ್. ಲಾಸ್ ಏಂಜಲೀಸ್‌ನ ಡಾಡ್ಜರ್ಸ್‌ನವರು ಜಪಾನಿನ ಸ್ಟಾರ್ ಒಹ್ತಾನಿ ಒಬ್ಬರಿಗೇ 10 ವರ್ಷಕ್ಕೆ 70 ಕೋಟಿ ಬರೆದುಕೊಟ್ಟರು. ಒಹ್ತಾನಿಯನ್ನೇ ತನ್ನಿ ಅಂತ ನಾನು ಕೇಳ್ತಿಲ್ಲ. 2016ರ ಕೊನೆಗೆ ಹಳೇ ಸ್ಟಾರ್‌ಗಳನ್ನು ಮಾರಿ, ಹುಡುಗರನ್ನು ತಂದು, ಮೂರು ವರ್ಷ ಸೋತು, "ತಾಳ್ಮೆ ಇರಲಿ" ಅಂತ ಹೇಳಿ ಕಟ್ಟಿದ ಟೀಮ್ ಇತ್ತು. 2021ರಲ್ಲಿ 93 ಗೆದ್ದು ತನ್ನ ಡಿವಿಷನ್‌ನಲ್ಲಿ, ಅಂದರೆ ಲೀಗ್‌ನೊಳಗಿನ ತನ್ನ ಗುಂಪಿನಲ್ಲಿ, ಮೊದಲು ಬಂತು. ಅಡುಗೆ ಆಗಿತ್ತು, ಉಪ್ಪು ಹಾಕೋದು ಬಾಕಿ. ಸೆಕೆಂಡ್ ಬೇಸ್, ರೈಟ್ ಫೀಲ್ಡ್ ಜಾಗಗಳಿಗೆ ಆಟಗಾರರು, ಒಂದಿಬ್ಬರು ಪಿಚರ್‌ಗಳು (ಚೆಂಡು ಎಸೆಯುವವರು), ಅಷ್ಟೇ. ಆಗ ಕೈ ಬಿಗಿ ಹಿಡಿದರು. 2022ರಲ್ಲಿ 81, 2023ರಲ್ಲಿ 61, 2024ರಲ್ಲಿ 41. ಪ್ರತಿ ವರ್ಷ 20 ಗೆಲುವು ಕಮ್ಮಿ, ಲೆಕ್ಕ ಹಾಕಿ ಇಳಿಸಿದ ಹಾಗೆ. ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ 1981ರಿಂದ ಇದ್ದಾರೆ. 2005ರ ಕಪ್ ಅವರ ಕಾಲದ್ದೇ, ಅದನ್ನು ಕಸಿದುಕೊಳ್ಳಲ್ಲ. ಆದರೆ ಈ ಇಳಿಜಾರೂ ಅವರದ್ದೇ.

2024ರ ಸೀಸನ್ ಶುರುವಾಗುವ ಮುಂಚೆ ನಮ್ಮ ಒಳ್ಳೆಯ ಪಿಚರ್ ಡಿಲನ್ ಸೀಸ್ ಅವರನ್ನು ಸ್ಯಾನ್ ಡಿಯಾಗೋಗೆ ಕೊಟ್ಟರು. ಜುಲೈನಲ್ಲಿ ಅವರು ಎದುರಾಳಿಗೆ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಎಸೆದರು. ಅದೇ ದಿನಗಳಲ್ಲಿ ನಾವು ಸಾಲಾಗಿ 21 ಸೋಲುತ್ತಿದ್ದೆವು.

ಸುಮ್ನೆ ಸೋತಿದ್ದರೆ ಮರೆತುಬಿಡುತ್ತಿದ್ದೆ, ಸೋಲಿನಲ್ಲೂ ಹೊಸ ಹೊಸ ದಾರಿ ಹುಡುಕುತ್ತಿದ್ದರಲ್ಲ, ಅದು ತಮಾಷೆ. ಮೇ 23, ಬಾಲ್ಟಿಮೋರ್ ಮೇಲೆ. ಕೊನೇ, ಅಂದರೆ ಒಂಬತ್ತನೇ ಇನಿಂಗ್ಸ್, ತುಂಬ ಹಿಂದಿದ್ದವರು 8-6ಕ್ಕೆ ತಂದಿದ್ದಾರೆ, ಇಬ್ಬರು ಬೇಸ್ ಮೇಲಿದ್ದಾರೆ, ಒಬ್ಬರೇ ಔಟ್. ಬೆನಿಂಟೆಂಡಿ ಹೊಡೆದ ಚೆಂಡು ನೇರ ಆಕಾಶಕ್ಕೆ. ಇಂಥ ಸುಲಭದ ಕ್ಯಾಚ್‌ಗೆ, ಹಿಡಿಯುವ ಮೊದಲೇ ಬ್ಯಾಟರ್ ಔಟ್ ಅನ್ನುವ ನಿಯಮ ಇದೆ. ಸರಿ, ಎರಡು ಔಟ್. ಆದರೆ ತನ್ನ ಬೇಸ್‌ಗೆ ವಾಪಸ್ ಹೋಗುತ್ತಿದ್ದ ನಮ್ಮ ಆಂಡ್ರೂ ವಾನ್ ಫೀಲ್ಡರ್ ದಾರಿಗೆ ಅಡ್ಡ ಬಂದರು ಅಂತ ಅಂಪೈರ್ ಅವರನ್ನೂ ಔಟ್ ಕೊಟ್ಟರು. ಫೀಲ್ಡರ್ ಆರಾಮಾಗಿ ಕ್ಯಾಚ್ ಹಿಡಿದಿದ್ದಾನೆ! ಮೂರು ಔಟ್‌ಗೆ ಇನಿಂಗ್ಸ್ ಖಲಾಸ್, ಪಂದ್ಯ ಮುಗಿಯಿತು. ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ, ಏನಾಯ್ತು ಅಂತಲೇ ಅರ್ಥವಾಗಲಿಲ್ಲ. ನನ್ನ ಹೆಂಡತಿಗೆ ನಿಯಮ ವಿವರಿಸಲು ಹತ್ತು ನಿಮಿಷ ಬೇಕಾಯಿತು. "ಹಂಗಾದ್ರೆ ಸೋತಿದ್ದು ಯಾರಿಂದ?" ಅಂದಳು. ಇವತ್ತಿಗೂ ಉತ್ತರ ಇಲ್ಲ.

ಇಷ್ಟಾದರೂ ಬಿಡದ್ದಕ್ಕೆ ಕಾರಣ ಕೇಳಿದರೆ, ಆ ಸೆಪ್ಟೆಂಬರ್ 24ರ ರಾತ್ರಿ ಹೇಳುತ್ತೇನೆ. ಆಗ 120 ಸೋತಾಗಿತ್ತು, ಇನ್ನೊಂದು ಸೋತರೆ ದಾಖಲೆ. ಏಂಜಲ್ಸ್ ಟೀಮಿನವರು ಮೂರು ಪಂದ್ಯ ಆಡಲು ಬಂದಿದ್ದರು. ನಾನೂ ಹೋಗಿದ್ದೆ. ಸುಳ್ಳು ಯಾಕೆ, ಎಲ್ಲರ ಹಾಗೆ ದಾಖಲೆ ಬೀಳೋದನ್ನು ನೋಡಲಿಕ್ಕೇ ಹೋಗಿದ್ದೆ. ಎಂಟನೇ ಇನಿಂಗ್ಸ್‌ವರೆಗೆ 2-0 ಹಿಂದಿದ್ದರು. ಜನ "ಟೀಮ್ ಮಾರು, ಟೀಮ್ ಮಾರು" ಅಂತ ಮಾಲೀಕರಿಗೆ ಕೂಗುತ್ತಿದ್ದರು. ಅಷ್ಟರಲ್ಲಿ ಹುಡುಗರು ಮೂರು ರನ್ ಮಾಡಿಬಿಟ್ಟರು. ಆಗ ನೋಡಬೇಕಿತ್ತು. ಕೂಗು ನಿಲ್ಲಲಿಲ್ಲ, ಚಪ್ಪಾಳೆಯೂ ಶುರುವಾಯಿತು, ಎರಡೂ ಒಟ್ಟಿಗೆ. ಪಕ್ಕದಲ್ಲಿದ್ದ ಅಜ್ಜ ಒಂದೇ ಉಸಿರಲ್ಲಿ ಮಾಲೀಕರನ್ನು ಬೈದು ಹುಡುಗರಿಗೆ ಶಿಳ್ಳೆ ಹೊಡೆದರು. ನನ್ನ ಗಂಟಲೂ ಕೆಟ್ಟಿತು, ಎರಡೂ ಕಾರಣಕ್ಕೆ. ಆ ಮೂರೂ ಪಂದ್ಯ ಗೆದ್ದರು. ಮರುದಿನ ಡೆಟ್ರಾಯ್ಟ್‌ಗೆ ಹೋಗಿ 4-1ರಲ್ಲಿ 121ನೆಯದನ್ನು ಸೋತರು, ಅದೂ ಡೆಟ್ರಾಯ್ಟ್ 10 ವರ್ಷದ ಮೇಲೆ ಪ್ಲೇಆಫ್‌ಗೆ ಹೋದ ದಿನ. ಅವರ ಮದುವೆಗೆ ನಾವು ವಾಲಗ.

ಸೋತವರಿಗೆ ಮುಂದಿನ ಡ್ರಾಫ್ಟ್‌ನಲ್ಲಿ, ಅಂದರೆ ಟೀಮ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಮೊದಲ ಹುಡುಗ ಸಿಗುತ್ತಾನಲ್ಲ ಅಂತ ಬೇಸ್‌ಬಾಲ್ ಗೊತ್ತಿರುವವರು ಕೇಳುತ್ತಾರೆ. ಇಲ್ಲ ಸ್ವಾಮಿ. ದೊಡ್ಡ ಊರಿನ ಟೀಮಿಗೆ ಎರಡು ವರ್ಷ ಸಾಲಾಗಿ, ಮೊದಲು ಆರಿಸುವವರನ್ನು ನಿರ್ಧರಿಸುವ ಲಾಟರಿಯಲ್ಲಿ ಜಾಗ ಇಲ್ಲ ಅನ್ನೋ ನಿಯಮ. 121 ಸೋತು ಹತ್ತನೆಯವರಾಗಿ ಆರಿಸಿದರು!

2025ರಲ್ಲಿ 60 ಗೆದ್ದರು, 102 ಸೋತರು. ಕಾಲ್ಸನ್ ಮಾಂಟ್ಗೊಮರಿ ಅನ್ನುವ ಹುಡುಗ ಜುಲೈನಲ್ಲಿ ಬಂದು 71 ಪಂದ್ಯಕ್ಕೆ 21 ಹೋಮ್ ರನ್ ಹೊಡೆದ. ಜಸ್ಟಿನ್ ಇಶ್ಬಿಯಾ ಎಂಬ ಹೊಸಬರು ಟೀಮ್ ಕೊಳ್ಳುವ ಒಪ್ಪಂದ ಆಗಿದೆ, ಆದರೆ ಕೈ ಬದಲಾಗುವುದು 2029ಕ್ಕಿಂತ ಮುಂಚೆ ಇಲ್ಲ. ಆಮೇಲೆ ಪೋಪ್ ಲಿಯೋ ಕೂಡ ವೈಟ್ ಸಾಕ್ಸ್ ಅಭಿಮಾನಿ, 2005ರ ಮೊದಲ ಫೈನಲ್ ಪಂದ್ಯದಲ್ಲಿ ಸ್ಟೇಡಿಯಂನಲ್ಲೇ ಇದ್ದರು. ಈಗ ಆಫೀಸಿನಲ್ಲಿ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ಕೇಳುತ್ತಾರೆ.

ಭಾವ ಈ ಬೇಸಿಗೆಗೆ ಬರುತ್ತಿದ್ದಾರೆ. ಊರಿನ ಆ ಇನ್ನೊಂದು ಟೀಮ್ ಕಬ್ಸ್ ಆಟ ತೋರಿಸು ಅಂದಿದ್ದಾರೆ. ಎರಡು ಸ್ಟೇಡಿಯಂಗೂ ಒಂದೇ ರೆಡ್ ಲೈನ್ ರೈಲು, ಭಾವನಿಗೆ ಸ್ಟೇಷನ್ ಹೆಸರು ಗೊತ್ತಿಲ್ಲ. ನಮ್ಮ ಕಡೆ ಇಳಿಸಿ, ನಿಂಬೆಹಣ್ಣು, ಖಾರ ಹಾಕಿದ ಬಿಸಿ ಜೋಳ ಕೊಡಿಸುತ್ತೇನೆ. ಮೆಕ್ಸಿಕನ್ನರದು, ಇಲ್ಲಿ ಬಹಳ ಫೇಮಸ್, ಮಯೋನೀಸ್ ಬೇಡ ಅಂತ ಮೊದಲೇ ಹೇಳಿಬಿಡಬೇಕು.