ರಕ್ತರೋಗದ ಸಂಶೋಧಕರಾಗಲು ಏನು ಓದಬೇಕು?

"ಮಗಳು ರಕ್ತದ ಕ್ಯಾನ್ಸರ್ ಮ್ಯಾಲೆ ಸಂಶೋಧನಾ ಮಾಡ್ತೀನಿ ಅಂತಾಳ್ರಿ ಸರ್, ಏನ್ ಓದಸ್ಬೇಕು? ಬೆಂಗಳೂರಿಗೇ ಕಳಸ್ಬೇಕೇನ್ರಿ?" ಬೆಳಗಾವಿಯಲ್ಲಿ ಪಿಯುಸಿ ಮಕ್ಕಳ ತಂದೆ-ತಾಯಂದಿರು ಪದೇ ಪದೇ ಕೇಳುವುದು ಇದನ್ನೇ.

ದಾರಿ ಮುಖ್ಯವಾಗಿ ಎರಡು. ವೈದ್ಯರಾಗಿ ಹೋಗುವವರಿಗೆ ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಜನರಲ್ ಮೆಡಿಸಿನ್ ಇಲ್ಲವೇ ಮಕ್ಕಳ ವಿಭಾಗದಲ್ಲಿ ಎಂಡಿ ಮೂರು ವರ್ಷ, ನೀಟ್-ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ ಬರೆದು ಕ್ಲಿನಿಕಲ್ ಹೆಮಟಾಲಜಿ (ರಕ್ತರೋಗ) ಅಥವಾ ಮೆಡಿಕಲ್ ಆಂಕಾಲಜಿಯಲ್ಲಿ (ಕ್ಯಾನ್ಸರ್) ಡಿಎಂ ಎಂಬ ಉನ್ನತ ಪದವಿಗೆ ಮತ್ತೆ ಮೂರು ವರ್ಷ. ವೈದ್ಯರಾಗದೆಯೂ ಆಗುತ್ತದೆ: ಜೀವರಸಾಯನಶಾಸ್ತ್ರ ಅಥವಾ ತಳಿಶಾಸ್ತ್ರದಲ್ಲಿ ಎಂಎಸ್ಸಿ, ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್, ಪಿಎಚ್‌ಡಿ. ಎಂಬಿಬಿಎಸ್‌ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಕಾಲೇಜುಗಳಿವೆ. ಅದಕ್ಕೋಸ್ಕರ ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಡಿಎಂ ಸೀಟು ಮಾತ್ರ ಕಡಿಮೆ, ರ‍್ಯಾಂಕ್ ಒಯ್ದಲ್ಲಿಗೆ ಹೋಗಬೇಕು.

ಆದರೆ ಸಂಶೋಧನೆಯ ತಳಪಾಯ ಪದವಿಯಲ್ಲ, ಸ್ಯಾಂಪಲ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ರಾಸಾಯನಿಕವಿರುವ ನೇರಳೆ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬದಿದ್ದರೆ ರಾಸಾಯನಿಕ ಹೆಚ್ಚಾಗಿ ಕೆಂಪು ಕಣ ಕುಗ್ಗುತ್ತದೆ. ತುಂಬಿದ ಕೂಡಲೇ ಎಂಟು-ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡದಿದ್ದರೆ ಸಣ್ಣ ಹೆಪ್ಪು ಕಟ್ಟಿ ಪ್ಲೇಟ್ಲೆಟ್ ಸುಳ್ಳೇ ಕಡಿಮೆ ಬರುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎಯಿಂದಲೇ ಪ್ಲೇಟ್ಲೆಟ್‌ಗಳು ಗುಂಪುಗಟ್ಟುತ್ತವೆ. ಸ್ಲೈಡ್ ನೋಡಿದವರಿಗೆ ಅದು ತಿಳಿಯುತ್ತದೆ, ಯಂತ್ರದ ಅಂಕಿಯನ್ನಷ್ಟೇ ನೋಡಿದವರಿಗೆ ತಿಳಿಯುವುದಿಲ್ಲ. ಆಗ ಸಿಟ್ರೇಟ್ ದ್ರವವಿರುವ ಟ್ಯೂಬಿನಲ್ಲಿ ಮತ್ತೆ ತೆಗೆದು, ಆ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಜೀನ್ ಪರೀಕ್ಷೆಯ ರಕ್ತವನ್ನು ಹೆಪಾರಿನ್ ಟ್ಯೂಬಿಗೆ ಹಾಕಬಾರದು, ಹೆಪಾರಿನ್ ಜೀನಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಅಸ್ಥಿಮಜ್ಜೆ ಎಳೆಯುವಾಗ ಮೊದಲ ಕೆಲವು ಹನಿ, 0.2–0.3 ಮಿಲಿ, ಸ್ಲೈಡಿಗೇ ಹೋಗಬೇಕು. ಮುಂದೆ ಎಳೆದಷ್ಟೂ ಮೈರಕ್ತ ಬೆರೆತು, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಬ್ಲಾಸ್ಟ್ (ಬಲಿಯದ) ಕಣಗಳ ಶೇಕಡಾವಾರು ಇಳಿದು ಕಾಣುತ್ತದೆ.

ನಮ್ಮ ಕಡೆ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್-ಮೇದಲ್ಲಿ ವಿಜಯಪುರದಿಂದ ಬಸ್ಸಿನಲ್ಲಿ ಬರುವ ಟ್ಯೂಬಿನಲ್ಲಿ, ಜೀನ್ ಪರೀಕ್ಷೆಗೆ ಬೇಕಾದ ಆರ್‌ಎನ್‌ಎ ಎಂಬ ಅಣು ಬೇಗ ಒಡೆಯುತ್ತದೆ. ತಣ್ಣಗಿಡಬೇಕು, ಆದರೆ ಮಂಜುಗಡ್ಡೆಗೆ ನೇರ ತಾಗಿಸಬಾರದು; ರಕ್ತ ಮಂಜಾಗುವಷ್ಟು ತಣಿದರೆ ಕಣಗಳೇ ಒಡೆದುಹೋಗುತ್ತವೆ. ಐಸ್ ಪ್ಯಾಕ್‌ಗೆ ಬಟ್ಟೆ ಸುತ್ತಿ, ತೆಗೆದ ಸಮಯ ಬರೆದು, ಒಂದು ದಿನದೊಳಗೆ ಲ್ಯಾಬ್ ಮುಟ್ಟಿಸುವುದು ಒಳ್ಳೆಯದು.

ಹೀಗೆ ಕಣ್ಣಿಟ್ಟು ನೋಡಿದ್ದರ ಫಲ ಎಷ್ಟು ದೊಡ್ಡದೆಂಬುದನ್ನು ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಎಂಬ ರಕ್ತದ ಕ್ಯಾನ್ಸರ್ ತೋರಿಸುತ್ತದೆ. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ರೋಗಿಗಳ ಕಣದಲ್ಲಿ ಗಿಡ್ಡದಾದ ಒಂದು ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಕಂಡರು. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿದೆ ಎಂದು ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ನಾಲ್ಕು ದಶಕ! ಮಕ್ಕಳಿಗೆ ಈ ತಾಳ್ಮೆಯನ್ನು ಮೊದಲೇ ಹೇಳಿಡಿ.

ಈ ಗುಳಿಗೆ ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ, ಊಟದ ಜೊತೆ. ಆ ಬೆಸುಗೆಯ ಜೀನ್ ಆದ ಬಿಸಿಆರ್-ಎಬಿಎಲ್‌ನ ಮಟ್ಟ ರಕ್ತದಲ್ಲಿ ಮೂರು ತಿಂಗಳಿಗೆ ಶೇ 10ಕ್ಕೆ, ವರ್ಷಕ್ಕೆ ಶೇ 0.1ಕ್ಕೆ ಇಳಿದರೆ ಚಿಕಿತ್ಸೆ ಸರಿಯಾಗಿ ನಡೆದಿದೆ ಎಂದರ್ಥ. ಇಳಿಯದಿದ್ದಾಗ ಔಷಧ ಬದಲಿಸುವ ಮುನ್ನ ಗುಳಿಗೆ ತಪ್ಪಿತೇ ಎಂದು ಕೇಳಬೇಕು. ಕಬ್ಬು ಕಟಾವಿಗೆ ಗುಳೆ ಹೋದ ಕುಟುಂಬ ತಿಂಗಳುಗಟ್ಟಲೆ ಆಸ್ಪತ್ರೆಗೆ ಬರಲಾಗದು. ಇದು ರೋಗಿಗೂ ಕುತ್ತು, ಅಧ್ಯಯನಕ್ಕೂ ಕುತ್ತು. ಬರದಾದವರನ್ನು ಕೊನೆಯ ಭೇಟಿಯವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅವರಲ್ಲಿ ರೋಗ ಹೆಚ್ಚಿದವರೇ ಬಹಳವಿದ್ದರೆ ಔಷಧ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಮೊದಲ ದಿನವೇ ಮನೆಯವರ ಎರಡು ಫೋನ್ ನಂಬರ್, ಊರು, ಕಟಾವಿಗೆ ಹೋಗುವ ತಿಂಗಳು ಬರೆದುಕೊಳ್ಳುವ ಸಂಶೋಧಕರೇ ನನ್ನ ದೃಷ್ಟಿಯಲ್ಲಿ ಒಳ್ಳೆಯ ಸಂಶೋಧಕರು.

ಎಂಬಿಬಿಎಸ್ ಓದುವಾಗಲೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಲ್ಪಾವಧಿ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕಬಹುದು. ಚಿಕ್ಕ ಪ್ರಶ್ನೆ ಆರಿಸಿಕೊಳ್ಳಿ. ಎಷ್ಟು ಜನ ರೋಗಿಗಳು ಬೇಕೆಂದು ಸಂಖ್ಯಾಶಾಸ್ತ್ರದವರನ್ನು ಮೊದಲೇ ಕೇಳಿ. ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮೊದಲು ಒಂದು ಹನಿ ರಕ್ತವನ್ನೂ ತೆಗೆಯಬೇಡಿ. ಬೆಳಗಾವಿಯಲ್ಲಾದರೆ ಸಮ್ಮತಿ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ, ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಿರಿ.